ಹನ್ನೆರಡು ಕೊಡ ನೀರು: ಸೀಳುಗಲ್ಲಮ್ಮನ ಕ್ಷೇತ್ರಮಹಿಮೆ

ಜಟಾಧಾರಿಯಾದ ಮಹರ್ಷಿಯೊಬ್ಬನು ಕ್ರೋಧಾವೇಶದಿಂದ ದಂಡವನ್ನೆತ್ತಿ ಈ ಬಂಡೆಯನ್ನು ತಾಡಿಸಿದನೆಂದೂ, ತತ್‌ಕ್ಷಣವೇ ಅದು ಇಬ್ಭಾಗವಾಗಿ ಗಂಗೆಯು ಚಿಮ್ಮಿದಳೆಂದೂ ನನ್ನ ಬಾಲ್ಯದಲ್ಲಿ ಸೋದರತ್ತೆ ಹೇಳುತ್ತಿದ್ದಳು. ಆ ಮಹರ್ಷಿಯ ಹೆಸರೇನು, ಆತನ ಕೋಪಕ್ಕೆ ಕಾರಣವೇನು ಎಂದು ಕೇಳಿದರೆ, "ಋಷಿಗಳಿಗೆ ಕೋಪ ಬರೋದಕ್ಕೆ ಕಾರಣ ಬೇಕೇನೇ? ಸುಮ್ಮನೆ ಕೈಮುಗಿ" ಎಂದು ಗದರುತ್ತಿದ್ದಳು. ನಾನು ಕೈಮುಗಿದೆ, ಆದರೆ ದಂಡದ ಒಂದೇ ಪೆಟ್ಟಿಗೆ ಸೀಳಿದ ಬಂಡೆಯ ನೆತ್ತಿಯಲ್ಲಿ, ಒಂದೇ ಅಳತೆಯ ಇಪ್ಪತ್ತನಾಲ್ಕು ಚೌಕ ಗುಳಿಗಳು ನೂಲು ಹಿಡಿದಂತೆ ಸಾಲಾಗಿ ಏಕಿರಬೇಕೆಂಬ ಸಂದೇಹ ಮಾತ್ರ ಹೋಗಲಿಲ್ಲ. ಅದಕ್ಕೆ ಸಮಾಧಾನ ಹೇಳುವ ಇನ್ನೊಂದು ಕಥೆಯನ್ನು ಗುಡ್ಡದ ಕೆಳಗಿನ ಕಲ್ಲುಕುಟಿಗರ ಮನೆತನಗಳು ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿವೆ. ಭಕ್ತಮಹಾಶಯರ ಅವಗಾಹನೆಗೆ ಇಲ್ಲಿ ನಿರೂಪಿತವಾಗಿರುವುದು ಅದೇ.

ವರಾಹಲಾಂಛನದ ಚಲುಕ್ಯರೂ ವೃಷಭಲಾಂಛನದ ಪಲ್ಲವರೂ ದಕ್ಷಿಣಾಪಥದ ಸಾರ್ವಭೌಮತ್ವಕ್ಕಾಗಿ ತಲೆಮಾರುಗಟ್ಟಲೆ ಹೋರಾಡಿ, ಒಬ್ಬರ ರಾಜಧಾನಿಯನ್ನು ಇನ್ನೊಬ್ಬರು ಸೂರೆಗೊಂಡು, ವಿಜಯವಾರ್ತೆಗಳನ್ನು ಶಿಲೆಗಳ ಮೇಲೆ ಬರೆಸುತ್ತಿದ್ದ ಆ ಮಹೋಜ್ಜ್ವಲ ಕಾಲದಲ್ಲಿ, ಪಲ್ಲವಸೈನ್ಯವನ್ನು ಹಿಮ್ಮೆಟ್ಟಿಸಿದ ವಾತಾಪಿಯ ಅರಮನೆಯಿಂದ ಆಜ್ಞೆಯೊಂದು ಹೊರಟಿತು: ಮಲಪ್ರಭೆಯ ದಂಡೆಯ ಈ ಕೆಂಬಂಡೆಯಿಂದ ಮೂವತ್ತು ಮೊಳದ ಏಕಶಿಲಾ ಜಯಸ್ತಂಭವನ್ನು ವೈಶಾಖ ಶುದ್ಧ ದಶಮಿಯೊಳಗೆ ಬಿಡಿಸಿ ತೆಗೆಯತಕ್ಕದ್ದು. ಕಾರ್ಯದ ಮೇಲಾಳಾಗಿ ವಿಕ್ಕಣ್ಣನೆಂಬ ಅರಮನೆಯ ಅಧಿಕಾರಿ ಬಂದನು. ಕಲ್ಲು ಕಡಿಯುವವರ ಮುಂದಾಳಾಗಿ, ಗಂಡನನ್ನು ಇದೇ ಗುಡ್ಡದಲ್ಲಿ ಕಲ್ಲಿನಡಿ ಕಳೆದುಕೊಂಡು ಅವನ ಉಳಿಯನ್ನು ತಾನೇ ಹಿಡಿದ ಸೋವಿಯಬ್ಬೆ ನಿಂತಳು. ಕಲ್ಲು ಹೊರಲು ಹದಿನೇಳು ಮಂದಿ ಪಲ್ಲವ ಸೆರೆಯಾಳುಗಳನ್ನು ಸರಪಳಿಯಲ್ಲಿ ತಂದು ಕಟ್ಟಲಾಯಿತು.

ಬಂಡೆಯನ್ನು ಸೀಳುವ ಕ್ರಮ ಇಂದಿಗೂ ಬಲ್ಲವರಿಗೆ ಗೊತ್ತು. ಸಾಲುಗುಳಿಗಳನ್ನು ಕೊರೆದು, ಚೆನ್ನಾಗಿ ಒಣಗಿದ ಗಟ್ಟಿ ಮರದ ಬೆಣೆಗಳನ್ನು ಬಡಿದು, ಮೇಲೆ ನೀರು ಹೊಯ್ಯುತ್ತ ಹೋದರೆ ಮರವು ಉಬ್ಬಿ, ಆನೆಗಳಿಂದಲೂ ಆಗದ ಕೆಲಸವನ್ನು ಸದ್ದಿಲ್ಲದೆ ಮಾಡಿ ಮುಗಿಸುತ್ತದೆ. ಆದರೆ ದಂಡಯಾತ್ರೆಯಿಂದ ಮರಳಿದ ಸೇನೆಯು ಸುತ್ತಲಿನ ಒಣ ಮರವನ್ನೆಲ್ಲ ಅಡುಗೆಯ ಒಲೆಗೆ ಹಾಕಿ ಮುಗಿಸಿತ್ತು. ಮುಹೂರ್ತ ತಪ್ಪೀತೆಂಬ ಭಯದಿಂದ ವಿಕ್ಕಣ್ಣನು ಆಗತಾನೇ ಕಡಿದ ಮರದಿಂದ ಬೆಣೆ ಮಾಡಿಸಿದನು.

"ಒಡೆಯಾ, ಇದು ಹಸಿ ಮರ. ಉಂಡು ಎದ್ದವನಿಗೆ ಮತ್ತೆ ಬಡಿಸಿದ ಹಾಗೆ," ಎಂದಳು ಸೋವಿಯಬ್ಬೆ.

"ಕಲ್ಲು ಕುಟ್ಟುವವಳು ನನಗೆ ಮರದ ಪಾಠ ಹೇಳುತ್ತೀಯಾ? ನೀರು ಹೊಯ್ಯಿ."

"ಹೊಯ್ಯುತ್ತಿರುವುದು ನಾಲ್ಕು ದಿನದಿಂದ. ಬಂಡೆಗೆ ಮಜ್ಜನವಾಯಿತು, ಅಷ್ಟೇ."

ನದಿಯು ಮರಳಾಗಿದ್ದ ಆ ಬೇಸಿಗೆಯಲ್ಲಿ ಉಳಿದಿದ್ದ ಏಕೈಕ ಹೊಂಡದ ನೀರೆಲ್ಲ ಹೀಗೆ ಬಂಡೆಯ ನೆತ್ತಿಗೆ ಸುರಿದು ವ್ಯರ್ಥವಾಗುತ್ತಿರಲು, ಬಂಡೆಯ ನೆರಳಿನಲ್ಲಿ ಬಿದ್ದಿದ್ದ ಸೆರೆಯಾಳುಗಳಿಗೆ ಎರಡು ದಿನದಿಂದ ಹನಿ ನೀರಿರಲಿಲ್ಲ. ಶತ್ರುವಿಗೆ ನೀರೆರೆದವರ ಬಲಗೈ ಕಡಿಯಲಾಗುವುದೆಂದು ವಿಕ್ಕಣ್ಣನು ಸಾರಿಸಿದ್ದನು. ದಶಮಿಯ ಬೆಳಿಗ್ಗೆ ಹೊಂಡದ ತಳದಿಂದ ಬಳಿದು ತುಂಬಿದ ಹನ್ನೆರಡು ಕೊಡಗಳಷ್ಟೇ ಉಳಿದವು. ಸೆರೆಯವರಲ್ಲಿ ಹಿರಿಯನೊಬ್ಬನು ತಲೆಯೆತ್ತಲಾರದೆ "ತಣ್ಣೀರ್" ಎಂದನು. ಆ ಒಂದು ಮಾತಿಗೆ ದುಭಾಷಿಯ ಅಗತ್ಯವಿರಲಿಲ್ಲ.

ಬಲಗೈಯಿಲ್ಲದ ಕಲ್ಲುಕುಟಿಗರು ಬದುಕಿಯೂ ಸತ್ತಂತೆಯೇ ಎಂದು ಅರಿತಿದ್ದ ಆ ತಾಯಿ, ಮೊದಲ ಕೊಡವನ್ನು ಸೊಂಟಕ್ಕೇರಿಸಿ, ಬಂಡೆಯನ್ನು ಹತ್ತುವ ಬದಲು ಇಳಿದಳು. ಕಾವಲಿನವನು, "ದಾರಿ ತಪ್ಪಿತೇನವ್ವಾ? ಬೆಣೆ ಮೇಲಿದೆ," ಎಂದು ಅಣಕಿಸಿದನು. "ಬಾಯಿ ಕೆಳಗಿದೆ," ಎಂದು ಹೇಳಿ ಅವಳು ಮುಂದೆ ನಡೆದಳು. ಕಾವಲಿನವನು ಮುಖ ತಿರುಗಿಸಿ ನಿಂತನು. ಒಂದಾದ ಮೇಲೊಂದು ಹನ್ನೆರಡು ಕೊಡಗಳೂ ಆ ಹದಿನೇಳು ಗಂಟಲುಗಳಲ್ಲಿ ಇಳಿದವು.

ಮಧ್ಯಾಹ್ನಕ್ಕೆ ಬಂದ ವಿಕ್ಕಣ್ಣನು ಖಾಲಿ ಕೊಡಗಳನ್ನು ಕಂಡು ಕೆಂಡವಾದನು. "ಚಕ್ರವರ್ತಿಯ ಬಂಡೆಯ ನೀರನ್ನು ಯಾರಿಗೆ ಹೊಯ್ದೆ?"

"ಬಂಡೆಗೆ ಬಾಯಾರಿರಲಿಲ್ಲ, ಒಡೆಯಾ."

ಅವಳ ಬಲಗೈಯನ್ನು ಗುಳಿಗಳ ಸಾಲಿನ ಪಕ್ಕದಲ್ಲೇ ಚಾಚಿ ಹಿಡಿಸಿ, ಭಟನು ಖಡ್ಗವನ್ನೆತ್ತಿದನೋ ಇಲ್ಲವೋ, ಕಾಲಡಿಯಲ್ಲಿ ಮೇಘಗರ್ಜನೆಯಂತಹ ಶಬ್ದವಾಗಿ, ಗುಡ್ಡವೇ ನಡುಗಿ, ಸ್ತಂಭಕ್ಕೆಂದು ಗುರುತಿಸಿದ ಉದ್ದಕ್ಕಲ್ಲದೆ ಸರಿಯಾಗಿ ಅದಕ್ಕೆ ಅಡ್ಡಲಾಗಿ, ಹನ್ನೊಂದನೆಯ ಮತ್ತು ಹನ್ನೆರಡನೆಯ ಗುಳಿಗಳ ನಡುವೆ ಬಂಡೆಯು ಬುಡದವರೆಗೆ ಬಿರಿಯಿತು! ಖಡ್ಗವು ಆ ಸೀಳಿನೊಳಗೆ ಜಾರಿತು. ಖಡ್ಗ ಜಾರಿದೆಡೆಯಿಂದ ಸ್ಫಟಿಕನಿರ್ಮಲವಾದ ಜಲಧಾರೆಯು ಉಕ್ಕಿ, ವಿಕ್ಕಣ್ಣನ ಪಾದಗಳನ್ನು ತೋಯಿಸಿ, ಸೆರೆಯಾಳುಗಳ ಸರಪಳಿಗಳ ಮೇಲೆ ಹರಿಯಿತು. ಆಗ ಜಲಗರ್ಭದಿಂದ ದೇವಿಯ ವಾಣಿ ಕೇಳಿಬಂದಿತು:

"ಊರು ಕೇಳದೆ ನೀರೆರೆದ ಕೈ ನನ್ನದು. ಅದನ್ನು ಮುಟ್ಟಬೇಡ. ನಿನ್ನ ಸ್ತಂಭಕ್ಕೆ ಈ ಗುಡ್ಡದಲ್ಲಿ ಕಲ್ಲಿಲ್ಲ. ಬಾಯಾರಿದವರಿಗೆ ಮಾತ್ರ ಇಲ್ಲಿ ನೀರುಂಟು."

ಜಯಸ್ತಂಭವು ಏಳಲೇ ಇಲ್ಲ. ಸೋವಿಯಬ್ಬೆಯು ಅದೇ ಬಲಗೈಯಿಂದ ಸೀಳಿನ ಮುಂದೆ ಕಂಡರಿಸಿದ ಪುಟ್ಟ ವಿಗ್ರಹವೇ ಇಂದು ಸೀಳುಗಲ್ಲಮ್ಮನೆಂದು ಪೂಜೆಗೊಳ್ಳುತ್ತಿದೆ. ಸಾಲುಗುಳಿಗಳನ್ನೂ ಅಡ್ಡಸೀಳನ್ನೂ ಯಾತ್ರಿಕರು ಸ್ವತಃ ನೋಡಬಹುದು. ವೈಶಾಖ ಶುದ್ಧ ದಶಮಿಯಂದು ಹನ್ನೆರಡು ಕೊಡ ನೀರನ್ನು ಪರಸ್ಥಳದವರಿಗೆ ಎರೆದ ನಂತರವೇ ಹದಿಮೂರನೆಯ ಕೊಡದಿಂದ ದೇವಿಗೆ ಅಭಿಷೇಕ. ಅಂದು ಕುಡಿಯುವವರ ಊರನ್ನೂ ಕುಲವನ್ನೂ ಕೇಳುವುದು ನಿಷಿದ್ಧ. ಚಿಲುಮೆ ಎಂದೂ ತಗ್ಗುವುದಿಲ್ಲವೆಂಬ ಮಾತು ಪೂರ್ತಿ ಸರಿಯಲ್ಲ: ಕಡುಬೇಸಿಗೆಯಲ್ಲಿ ಮೊಳದಷ್ಟು ಇಳಿಯುತ್ತದೆ. ಬತ್ತಿದ್ದನ್ನು ಕಂಡವರು ಮಾತ್ರ ಯಾರೂ ಸಿಗಲಿಲ್ಲ.

ಸೆರೆಯಾಳುಗಳು ತೀರ್ಥಪ್ರಾಶನದಿಂದ ಪುನೀತರಾಗಿ ಆ ಕ್ಷಣವೇ ಕೈಲಾಸ ಸೇರಿದರೆಂದು ಅರ್ಚಕರು ಹೇಳುತ್ತಾರೆ. ಅಷ್ಟು ನೀರು ಕುಡಿದವರು ಅಷ್ಟು ಬೇಗ ಏಕೆ ಸಾಯಬೇಕೆಂದು ನನಗೆ ತಿಳಿಯಲಿಲ್ಲ. ಕಳೆದ ವೈಶಾಖದಲ್ಲಿ ನೀರು ಇಳಿದಿದ್ದಾಗ, ಅನುಮತಿ ಪಡೆದು ಟಾರ್ಚು ಹಿಡಿದು ಸೀಳಿನೊಳಗೆ ಇಳಿದೆ. ಎಡಗೋಡೆಯಲ್ಲಿ, ಉಳಿದ ಕಾಲದಲ್ಲಿ ನೀರಿನಲ್ಲಿ ಮುಳುಗಿರುವ ಭಾಗದಲ್ಲಿ, ಅಕ್ಷರಗಳು ಕೈಗೆ ತಾಗಿದವು. ಒದ್ದೆ ಕಾಗದವನ್ನೊತ್ತಿ ಅಚ್ಚು ತೆಗೆದು, ಒಬ್ಬರಿಗೊಬ್ಬರು ಪರಿಚಯವಿಲ್ಲದ ಇಬ್ಬರು ಲಿಪಿತಜ್ಞರಿಗೆ ಕಳುಹಿಸಿದೆ. ಇಬ್ಬರ ಓದೂ ಒಂದೇ: ಪಲ್ಲವನಾಡಿನ ಲಿಪಿಯಲ್ಲಿ ಹದಿನೇಳು ಹೆಸರುಗಳು, ಪ್ರತಿ ಹೆಸರಿನ ಮುಂದೆಯೂ ಕನ್ನಡ ಅಕ್ಷರಗಳಲ್ಲಿ 'ಕಲ್ಕುಟಿಗ' ಎಂದಿದೆ.