ಪೊಟ್ಟಣ ಕಟ್ಟಿದ ಪುಸ್ತಕ

"ಗುರುಗಳೇ, ನೀವು ಕೊಟ್ಟ ಪ್ರಬಂಧಗಳ ಪುಸ್ತಕ ಓದಿ ಮುಗಿಸಿದೆ. ತುಂಬಾ ಖುಷಿಯಾಯಿತು. ಆದರೆ ಅದರಲ್ಲಿರುವುದು ಮನುಷ್ಯರು, ಮರ, ಕಾಗೆ, ಕೆರೆ, ಇಷ್ಟೇ. ಇಂಥದ್ದನ್ನು ಓದಿ ಏನು ಲಾಭ?" ಎಂದು ಶಿಷ್ಯ ಕೇಳಿದ.

ಗುರುಗಳು ನಕ್ಕರು. "ಲಾಭವೇ? ನೀನೇನು ಅಂಗಡಿ ಇಟ್ಟಿದ್ದೀಯಾ? ಹಾಗಾದರೆ ಅಂಗಡಿಯವನ ಕತೆಯನ್ನೇ ಕೇಳು" ಎಂದು ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ವರ್ತಕನಿದ್ದ. ಆ ಊರಿನ ಜನವೆಂದರೆ ಅವನಿಗೆ ತಲೆನೋವು. ತಕ್ಕಡಿ ನೋಡುತ್ತಿದ್ದನೇ ಹೊರತು ಎದುರಿಗೆ ನಿಂತವರನ್ನು ಮಾತಾಡಿಸುತ್ತಿರಲಿಲ್ಲ. ಅವರೂ ಅವನನ್ನು ಮಾತಾಡಿಸುವುದು ಬಿಟ್ಟಿದ್ದರು. ಈ ಊರಿನ ಸಹವಾಸವೇ ಸಾಕು, ಅಂಗಡಿ ಮಾರಿ ಹೋಗಿಬಿಡೋಣ ಎಂದು ಅದನ್ನು ಕೊಳ್ಳುವವರನ್ನು ಹುಡುಕುತ್ತಿದ್ದ.

ಒಂದು ದಿನ ಪೊಟ್ಟಣ ಕಟ್ಟಲು ಹಳೆಯ ಪುಸ್ತಕವೊಂದನ್ನು ತೆಗೆದುಕೊಂಡು ಹರಿದ. ಬೆಲ್ಲ, ಜೀರಿಗೆ, ಮೆಣಸಿನಕಾಯಿಯ ಜೊತೆ ಅದರ ಹಾಳೆಗಳೂ ಮನೆಮನೆಗೆ ಹೋದವು. ಮಧ್ಯಾಹ್ನ ಗಿರಾಕಿಗಳಿಲ್ಲದಾಗ ಉಳಿದ ಹಾಳೆಗಳ ಮೇಲೆ ಕಣ್ಣಾಡಿಸಿದ. ಬೇರೆಯವರ ಜಗಲಿಯಲ್ಲಿ ಮನುಷ್ಯ ಹೇಗೆ ಅಂಚಿನಲ್ಲೇ ಕೂರುತ್ತಾನೆ, ಸಂತೆಗೆ ಹೋದವರ ಸೀರೆಗೆ ಅಂಟಿಕೊಂಡು ಹುಲ್ಲಿನ ಬೀಜ ಹೇಗೆ ಊರೂರು ಸುತ್ತುತ್ತದೆ ಎಂದೆಲ್ಲ ಬರೆದಿತ್ತು. ಆಹಾ, ಎಂಥ ಸೊಗಸಾದ ಬರಹ! ವರ್ತಕ ಒಬ್ಬನೇ ಕೂತು ನಕ್ಕ. ಹಾಳೆ ತಿರುವಿದ. ಮುಂದಿನದು ಇರಲಿಲ್ಲ.

"ಅಯ್ಯೋ, ಕೈಯಾರೆ ಹರಿದು ಕೊಟ್ಟುಬಿಟ್ಟೆನಲ್ಲ!" ಎಂದು ಚಡಪಡಿಸಿದ. ಅಂಗಡಿಗೆ ಬೀಗ ಹಾಕಿ ಹಾಳೆಗಳನ್ನು ಹುಡುಕಿಕೊಂಡು ಹೊರಟ.

ಅಗಸನ ಮನೆಯಲ್ಲಿ ಒಂದು ಹಾಳೆಯನ್ನು ಉಪ್ಪಿನಕಾಯಿ ಭರಣಿಯ ಬಾಯಿಗೆ ಕಟ್ಟಿದ್ದರು. ವರ್ತಕ ಅದನ್ನು ಬಿಚ್ಚಿ ಅಲ್ಲೇ ಗಟ್ಟಿಯಾಗಿ ಓದಿದ. ಮನೆಯವರೆಲ್ಲ ಸುತ್ತ ಕೂತು ಕೇಳಿದರು, ಇನ್ನೊಂದು ಸಲ ಓದಿಸಿದರು. ಬಳೆಗಾರನ ಹೆಂಡತಿ ಒಲೆಗೆ ಹಾಕಲಿದ್ದ ಹಾಳೆಯನ್ನು ಅವನ ಕೈಗೆ ಕೊಟ್ಟಳು. ಮುಂದಿನ ಮನೆಯ ಮುದುಕಿ, "ಇಷ್ಟು ವರ್ಷಕ್ಕೆ ಇವತ್ತು ನನ್ನ ಮನೆ ದಾರಿ ಕಂಡಿತೇನಪ್ಪಾ? ಹಾಳೆ ಎಲ್ಲಿಗೂ ಓಡಿಹೋಗುವುದಿಲ್ಲ, ಮೊದಲು ಕೂತು ಮಜ್ಜಿಗೆ ಕುಡಿ" ಎಂದು ಗದರಿದಳು. ವರ್ತಕ ಜಗಲಿಯ ಅಂಚಿನಲ್ಲಿ ಕೂತ. ಕೂತಮೇಲೆ ಓದಿದ್ದು ನೆನಪಾಗಿ ನಗು ತಡೆಯಲಾಗಲಿಲ್ಲ. ಹಿಂದಕ್ಕೆ ಸರಿದು ಆರಾಮಾಗಿ ಕೂತುಕೊಂಡ.

ಸಂಜೆಯ ಹೊತ್ತಿಗೆ ಹಾಳೆಗಳೆಲ್ಲ ಸಿಕ್ಕವು. ಕೊನೆಯದೊಂದು ಮಾತ್ರ ಸಿಗಲೇ ಇಲ್ಲ.

ಗುರುಗಳು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. "ಆ ಹಾಳೆಯಲ್ಲಿ ಏನಿತ್ತು ಗುರುಗಳೇ?"

"ಅದನ್ನು ಈ ಜನರಲ್ಲೇ ಓದಿಕೊಳ್ಳುತ್ತೇನೆ ಎಂದು ವರ್ತಕ ಅಂಗಡಿ ಮಾರದೆ ಆ ಊರಿನಲ್ಲೇ ಉಳಿದ" ಎಂದರು ಗುರುಗಳು.