ಚೆಲುವಜ್ಜಿಯ ಟೀವಿ ಚಿತ್ರ ಎಲ್ಲಿ ಹೋಯ್ತು?

ಕೂತ್ಕೊಳ್ಳಿ, ಕೂತ್ಕೊಳ್ಳಿ. ಏ, ಜಡೆ ಎಳೀಬೇಡ!

ಕಡಲಾಚೆ ಒಂದು ದ್ವೀಪ. ದ್ವೀಪದಲ್ಲಿ ಒಂದು ಮನೆ. ಮನೆಯಲ್ಲಿ ಚೆಲುವಜ್ಜಿ. ಅಜ್ಜಿಗೆ ಒಂದು ಟೀವಿ.

ಅವತ್ತು ನಾಲ್ಕು ಗಂಟೆಗೆ ಅಜ್ಜಿಯ ತಂಗಿ ದೇವೀರಿ ಟೀವಿಯಲ್ಲಿ ಸೋಬಾನೆ ಹಾಡ್ತಾಳೆ. ತಂಗಿಯ ಮುಖ ನೋಡಿ ಆರು ವರ್ಷ ಆಗಿತ್ತು! ಅಜ್ಜಿ ಮೂರು ಗಂಟೆಗೇ ಟೀವಿ ಹಾಕಿದಳು.

ಚಿತ್ರವೇ ಇಲ್ಲ!

"ಟೀವಿ ಟೀವಿ, ಚಿತ್ರ ಎಲ್ಲಿ?"

"ನಂಗೇನು ಗೊತ್ತಜ್ಜಿ? ತಂತಿ ತಂದದ್ದನ್ನ ತೋರಿಸ್ತೀನಿ. ತಂತೀನ ಕೇಳು."

"ತಂತಿ ತಂತಿ, ಚಿತ್ರ ಎಲ್ಲಿ? ಟೀವಿ ನಿನ್ನ ಕೇಳು ಅಂತು."

"ಡಿಶ್ ಕೊಟ್ಟದ್ದನ್ನ ತರ್ತೀನಿ. ಡಿಶ್ಶನ್ನ ಕೇಳು."

ಅಜ್ಜಿ ಏಣಿ ಹತ್ತಿದಳು. ತಾರಸಿ ಮೇಲೆ ಪುಟಾಣಿ ಡಿಶ್.

"ಡಿಶ್ಶೇ ಡಿಶ್ಶೇ, ಚಿತ್ರ ಎಲ್ಲಿ? ಟೀವಿ ತಂತೀನ ಕೇಳು ಅಂತು. ತಂತಿ ನಿನ್ನ ಕೇಳು ಅಂತು."

"ಆಕಾಶದಿಂದ ಬಿದ್ದದ್ದನ್ನ ಹಿಡೀತೀನಿ. ಉಪಗ್ರಹವನ್ನ ಕೇಳು."

ಅಜ್ಜಿ ಹಣೆಗೆ ಕೈ ಇಟ್ಟು ಮೇಲೆ ನೋಡಿದಳು.

"ಏ ಉಪಗ್ರಹಣ್ಣಾ, ಚಿತ್ರ ಎಲ್ಲಿ? ಟೀವಿ ತಂತೀನ ಕೇಳು ಅಂತು. ತಂತಿ ಡಿಶ್ಶನ್ನ ಕೇಳು ಅಂತು. ಡಿಶ್ ನಿನ್ನ ಕೇಳು ಅಂತು."

"ದಿನಾ ಸುರೀತಾನೇ ಇದ್ದೀನಿ ತಾಯಿ! ನಡುವಿನ ಊರುಗಳಿಗೆ ಬೊಗಸೆ ತುಂಬ. ನಿನ್ನ ದ್ವೀಪ ಅಂಚಿನಲ್ಲಿದೆ. ಅಂಚಿಗೆ ಬರೀ ಚಿಟಿಕೆ. ಚಿಟಿಕೆ ಹಿಡಿಯೋಕೆ ಅಗಲ ಡಿಶ್ ಬೇಕು. ಮೊನ್ನೆ ಇತ್ತಲ್ಲ, ಎಲ್ಲಿ ಅದು?"

ಅಯ್ಯಯ್ಯೋ! ಅಜ್ಜಿ ನಾಲಿಗೆ ಕಚ್ಚಿಕೊಂಡಳು. ದೊಡ್ಡ ಡಿಶ್ ಇಳಿಸಿದ್ದು ಅವಳೇ! ಯಾಕೆ? ಸಂಡಿಗೆ ಒಣಗಿಸೋಕೆ! "ಡಿಶ್ ಅಂದ್ರೆ ಡಿಶ್ಶೇ ತಾನೆ" ಅಂತ ಊರಿಂದ ತಂದಿದ್ದ ಸಣ್ಣದನ್ನ ಕಟ್ಟಿದ್ದಳು. ಎಂಥಾ ಅಜ್ಜಿ ನೋಡಿ!

ಓಡಿದಳು ಅಂಗಳಕ್ಕೆ. ಸಂಡಿಗೆ ಒಣಗಿ ಡಬ್ಬ ಸೇರಿತ್ತು. ದೊಡ್ಡ ಡಿಶ್ಶಿನಲ್ಲಿ ಕೋಳಿ ಕೂತಿತ್ತು!

"ಕೋಳಿ ಕೋಳಿ, ಏಳೇ! ಟೀವಿ ತಂತೀನ ಕೇಳು ಅಂತು. ತಂತಿ ಡಿಶ್ಶನ್ನ ಕೇಳು ಅಂತು. ಡಿಶ್ ಉಪಗ್ರಹವನ್ನ ಕೇಳು ಅಂತು. ಉಪಗ್ರಹ ಅಗಲ ಡಿಶ್ ಬೇಕು ಅಂತು!"

"ಕೊಕ್ಕೊಕ್ಕೋ, ಏಳಲ್ಲ! ಮೊಟ್ಟೆ ಇಟ್ಟಿದ್ದೀನಿ. ಇದೋ ತೀರಾ ಅಗಲ, ಗಾಳಿ ಹೊಡೀತದೆ. ಬೆಚ್ಚಗಿರೋ ಜಾಗ ಕೊಡು, ಏಳ್ತೀನಿ."

ಅಜ್ಜಿ ಕೋಳಿ ನೋಡಿದಳು. ತಾರಸಿ ನೋಡಿದಳು. ಮತ್ತೆ ಕೋಳಿ ನೋಡಿದಳು. ನಕ್ಕಳು! ಸಣ್ಣ ಡಿಶ್ ಬಿಚ್ಚಿ ತಂದಳು. ಹುಲ್ಲು ಹಾಸಿದಳು. ಮೊಟ್ಟೆ ಇಟ್ಟಳು.

ಕೋಳಿ ಸಣ್ಣ ಡಿಶ್ಶಿಗೆ ಬಂತು. ಹೇಳಿ ಮಾಡಿಸಿದ ಹಾಗಿತ್ತು! ದೊಡ್ಡ ಡಿಶ್ ತಾರಸಿ ಹತ್ತಿತು. "ಎಡಕ್ಕೆ ತಾಯಿ... ಇನ್ನೊಂದು ಚೂರು... ಹಾಂ, ಸಾಕು!" ಅಂತು ಉಪಗ್ರಹ. ಉಪಗ್ರಹ ಚಿಟಿಕೆ ಸುರೀತು. ಡಿಶ್ ಹಿಡೀತು. ತಂತಿ ತಂತು. ಟೀವಿ ತೋರಿಸ್ತು.

ದೇವೀರಿ ಹಾಡ್ತಿದ್ದಾಳೆ! ಅದೇ ಮೂಗುಬೊಟ್ಟು. ಅದೇ ನಗು. ಹಾಡು ಮುಗೀತು. "ಅಕ್ಕಯ್ಯಾ, ಅಷ್ಟು ದೂರಕ್ಕೆ ಕಾಣ್ತೀನಾ?" ಅಂದಳು.

ಅಜ್ಜಿ ಟೀವಿಯನ್ನೇ ತಬ್ಬಿಕೊಂಡಳು. "ಕಾಣ್ತೀಯ ಕಣೇ, ಕಾಣ್ತೀಯ!"

ಸಂಡಿಗೆ ಈಗ ಚಾಪೆ ಮೇಲೆ ಒಣಗ್ತದೆ. ಕತೆ ಆಯ್ತು, ಏಳಿ. ನಿಮ್ಮನೆ ಡಿಶ್ ಎಷ್ಟಗಲ? ಹೋಗಿ ನೋಡ್ಕೊಂಡು ಬನ್ನಿ. ಒಳಗೆ ಕೋಳಿ ಇದ್ರೆ ನಂಗೆ ಹೇಳಿ!