ಹಳೇ ಕೋವಿಯ ಅಳತೆ

"ಗುರುಗಳೇ, ನಮ್ಮಪ್ಪ ಹಳೇ ಕಾಲದ ಮನುಷ್ಯ. ನಾನು ಎಷ್ಟು ಒಳ್ಳೆಯ ಮಾತಾಡಿದರೂ ಸಿಡಿದು ಬೀಳುತ್ತಾರೆ. ಅವರಿಗೆ ಯಾವ ಮಾತು ಹೇಳಲಿ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ರೈತನಿದ್ದ. ಅವನ ಮನೆಯಲ್ಲಿ ತಾತನ ಕಾಲದ ಬೇಟೆ ರೈಫಲ್ ಇತ್ತು. ಅಂಥಿಂಥ ಕೋವಿಯಲ್ಲ ಅದು. ಅದರ ಸದ್ದಿಗೆ ಆಚೆ ಊರಿನ ಮರದಲ್ಲಿ ಹಲಸು ಹಣ್ಣಾಗುತ್ತಿತ್ತು. ನಗಬೇಡ, ನಾನೇ ತಿಂದಿದ್ದೇನೆ.

ಆ ಸೀಮೆಯಲ್ಲಿ ಮಗು ಹುಟ್ಟಿದರೆ ಮನೆಯ ಕೋವಿಯಿಂದಲೇ ಒಂದು ಗುಂಡು ಹಾರಿಸಬೇಕು. ಮಗು ಬಂತೆಂದು ಊರಿಗೆ ತಿಳಿಯುವುದೇ ಹಾಗೆ. ರೈತನ ಮಗಳಿಗೆ ದಿನ ತುಂಬಿತ್ತು. ಕೋವಿಗೆ ಮಾತ್ರ ಕಾಡತೂಸು ಇರಲಿಲ್ಲ. ಕೋವಿ ಹೆಗಲಿಗೇರಿಸಿಕೊಂಡು ಎಲ್ಲೆಲ್ಲೋ ಅಲೆದ ಮೇಲೆ ವ್ಯಾಪಾರಿಯೊಬ್ಬ ಒಂದನ್ನು ಕೊಟ್ಟ. ಅದು ಸಲೀಸಾಗಿ ಒಳಗೆ ಕೂತಿತು. ರೈತ ಹಿಗ್ಗಿಹೋದ. ಬರುವ ದಾರಿಯಲ್ಲಿ ಕೋವಿ ರಿಪೇರಿಯವನಿಗೆ ತೋರಿಸಿದ.

ಅವನು ಹೌಹಾರಿದ. "ಅಯ್ಯೋ ಮಾವ, ತೆಗಿ ಅದನ್ನ! ಒಳಗೆ ಹೋದ ಮಾತ್ರಕ್ಕೆ ಹೊಂದಿತು ಅಂತಲ್ಲ. ಹಾರಿಸಿದರೆ ನಿನ್ನ ಕೆನ್ನೆ ಹತ್ತಿರವೇ ಒಡೆಯುತ್ತೆ. ಮೊಮ್ಮಗುವಿಗೆ ಮುತ್ತಿಡಲು ಮೂತಿ ಬೇಡವೇ?"

"ನಳಿಗೆ ಮೇಲೆ ಕೆತ್ತಿದ ನಂಬರೇ ಇದರ ಮೇಲೂ ಇದೆಯಲ್ಲಪ್ಪ!"

"ಅದು ಕೋವಿ ಹುಟ್ಟಿದಾಗಿನ ನಂಬರು. ಆಮೇಲೆ ಯಾರೋ ಒಳಗೆ ಕೊರೆದು ಅಗಲ ಮಾಡಿದ್ದಾರೆ. ಈಗಿನ ಅಳತೆಯನ್ನು ಕೋವಿಯೇ ಹೇಳಬೇಕು."

ಅವನು ಕಾಡತೂಸು ಹೊರತೆಗೆದು, ನಳಿಗೆಗೆ ಬಟ್ಟೆ ತುರುಕಿದ. ಗಂಧಕ ಕರಗಿಸಿ, ಕಾಡತೂಸು ಕೂರುವ ಜಾಗಕ್ಕೆ ಹುಯ್ದ. ರೈತ ಚಡಪಡಿಸಿದ. ಮಗಳಿಗೆ ಆಗಲೇ ನೋವು ಬಂದಿದೆಯೋ ಏನೋ. ಗಂಧಕ ಆರುವ ಮೊದಲೇ ಬೆರಳು ಹಾಕಿ ಕೀಳಲು ಹೋದ. ರಿಪೇರಿಯವನು ಕೈ ಹಿಡಿದು ಕೂರಿಸಿದ. ಇಬ್ಬರೂ ಕೋವಿಯನ್ನು ನೋಡುತ್ತ ಸುಮ್ಮನೆ ಕೂತರು.

ಗಂಧಕ ತಣಿದು ಗಟ್ಟಿಯಾಯಿತು. ಕೋವಿಯ ಒಳಗು ಹೇಗಿತ್ತೋ ಹಾಗೇ ಅಚ್ಚಾಗಿ ಹೊರಬಂತು. ರಿಪೇರಿಯವನು ತನ್ನ ಹಳೇ ಡಬ್ಬಗಳನ್ನೆಲ್ಲ ನೆಲಕ್ಕೆ ಸುರಿದು, ಆ ಅಚ್ಚಿಗೆ ಹೊಂದುವ ಕಾಡತೂಸು ಹುಡುಕಿ ಕೊಟ್ಟ.

ರೈತ ಮನೆ ಮುಟ್ಟುವಷ್ಟರಲ್ಲಿ ಮಗು ಹುಟ್ಟಿತ್ತು. ಅಂಗಳದಲ್ಲಿ ನಿಂತು ಆಕಾಶಕ್ಕೆ ಗುಂಡು ಹಾರಿಸಿದ. ಸದ್ದಿಗೆ ಬೆಚ್ಚಿ ಮಗು ಅತ್ತಿತು. ಒಳಗೆ ಓಡಿದ ರೈತ, ಅದರ ಕೆನ್ನೆಗೆ ಕೆನ್ನೆಯಿಟ್ಟು ತಾನೂ ಅತ್ತ.

ಕತೆ ಮುಗಿಯಿತು. ಶಿಷ್ಯ ಮತ್ತೆ ಕೇಳಿದ: "ಹಾಗಾದರೆ ಅಪ್ಪನಿಗೆ ಹೊಂದುವ ಮಾತು ಯಾವುದು, ಗುರುಗಳೇ?"

ಗುರುಗಳು ಅವನ ಬೆನ್ನ ಮೇಲೆ ಕೈಯಿಟ್ಟರು.

"ಅವರ ಪಕ್ಕದಲ್ಲಿ ನೀನು ಏನೂ ಹೇಳದೆ ಕೂತಿದ್ದು ಯಾವಾಗ, ಮಗೂ?"